ಟ್ರಾಕ್ಟರ್ ಎಂಜಿನ್: ದುರಸ್ತಿಯೋ, ಬದಲಾವಣೆಯೋ?

ಕಡೂರು ತಾಲ್ಲೂಕಿನ ದೇವನೂರಿನಂತಹ ಮಳೆಯಾಶ್ರಿತ ಊರುಗಳಲ್ಲಿ ರಾಗಿ ಬಿತ್ತನೆಯ ಹದ ಕೆಲವೇ ದಿನ. ಆಗ ಟ್ರಾಕ್ಟರ್ ಎಂಜಿನ್ ಕೆಟ್ಟರೆ ಆತುರದ ತೀರ್ಮಾನ ಬೇಡ. ಕೃಷಿ ಯಂತ್ರಧಾರೆ ಕೇಂದ್ರದ ಅಥವಾ ನೆರೆಯವರ ಟ್ರಾಕ್ಟರನ್ನು ಬಾಡಿಗೆಗೆ ಪಡೆದು ಬಿತ್ತನೆ ಮುಗಿಸಿ, ಬಳಿಕ ಎಂಜಿನ್ ಬಿಚ್ಚಿಸಿ ಪರೀಕ್ಷಿಸಬೇಕು.

ದುರಸ್ತಿ ಸಾಕಾಗುವ ಸಂದರ್ಭ: ನೀಲಿ ಹೊಗೆ ಬಂದು ಆಯಿಲ್ ಕಡಿಮೆಯಾಗುತ್ತಿದ್ದರೆ ಸಾಮಾನ್ಯವಾಗಿ ಪಿಸ್ಟನ್ ರಿಂಗ್, ಲೈನರ್ ಸವೆದಿರುತ್ತವೆ, ಅವನ್ನು ಬದಲಿಸಬಹುದು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ. ಹೆಡ್ ಗ್ಯಾಸ್ಕೆಟ್, ಲೈನರ್ ಸೀಲ್ ನೋಡಿಸಬೇಕು.

ಬದಲಾವಣೆ ಲೇಸಾದ ಸಂದರ್ಭ: ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದಿದ್ದರೆ, ಅಥವಾ ಬಿಡಿಭಾಗ, ಲೇತ್ ಕೆಲಸ, ಕೂಲಿ ಸೇರಿ ಬದಲಿ ಎಂಜಿನ್ನಿನ ಬೆಲೆಗೇ ಸಮೀಪಿಸಿದರೆ. ಆದರೆ ಗೇರ್‌ಬಾಕ್ಸ್, ಹೈಡ್ರಾಲಿಕ್ ಗಟ್ಟಿಯಾಗಿದ್ದರೆ ಮಾತ್ರ ಈ ಹಣ ಹಾಕಬೇಕು. ಹೊಸ ಎಂಜಿನ್ ಸಂಖ್ಯೆಯನ್ನು ಸಾರಿಗೆ ಕಚೇರಿಯಲ್ಲಿ ನೋಂದಾಯಿಸುವುದನ್ನು ಮರೆಯಬಾರದು.