ಸಂಜೆ ಬರುವ ಸಣ್ಣ ಜ್ವರ: ಬರೀ ನಿಶ್ಶಕ್ತಿಯೇ?



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಂಘದ ಸಭೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು: “ಸಿಸ್ಟರ್, ಸಂಜೀ ಆದ್ರ ಮೈ ಬೆಚ್ಚಗ ಆಗ್ತೈತಿ, ಕೈಕಾಲಾಗ ಕಸುವಿಲ್ಲ.” ದಿನವಿಡೀ ಕಬ್ಬಿನ ಗದ್ದೆಯಲ್ಲಿ ದುಡಿದು, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಹೆಣ್ಣುಮಕ್ಕಳು ಇದನ್ನು ‘ನಿಶ್ಶಕ್ತಿ’ ಎಂದು ಬಿಟ್ಟುಬಿಡುತ್ತಾರೆ. ಹೆಚ್ಚೆಂದರೆ ಒಂದು ಟಾನಿಕ್, ಒಂದು ಸಲಾಯನ್ ಬಾಟಲಿ.

ನಿಶ್ಶಕ್ತಿಯಿಂದ ಜ್ವರ ಬರುತ್ತದೆಂಬ ವಿಚಾರ ಚೀನಾದ ಹಳೆಯ ವೈದ್ಯದಲ್ಲೂ ಇದೆ. 1232ರಲ್ಲಿ ಕೈಫೆಂಗ್ ನಗರಕ್ಕೆ ಮಂಗೋಲರ ಮುತ್ತಿಗೆಯಾದಾಗ ಲೆಕ್ಕವಿಲ್ಲದಷ್ಟು ಜನ ಸತ್ತರು. ಹಸಿವು, ದಣಿವು, ಚಿಂತೆಯಿಂದ ಒಳಗಿನ ಶಕ್ತಿ ಸೋತದ್ದೇ ಇದಕ್ಕೆ ಕಾರಣ, ಮೊದಲು ಜೀರ್ಣಶಕ್ತಿಯನ್ನು ಬಲಪಡಿಸಬೇಕು ಎಂದು ವೈದ್ಯ ಲಿ ದೊಂಗ್‌ಯುವಾನ್ ಬರೆದರು. ಅದು ಅಂಟುರೋಗವೂ ಆಗಿದ್ದಿರಬಹುದು ಎಂದು ಇಂದಿನ ಕೆಲವು ಇತಿಹಾಸಕಾರರು ಹೇಳುತ್ತಾರೆ.

ಆ ವೈದ್ಯದಲ್ಲಿ ಸಂಜೆ ಜ್ವರ, ಅಂಗೈ ಅಂಗಾಲು ಉರಿ, ರಾತ್ರಿ ಬೆವರು ಸೇರಿ ಬಂದರೆ ‘ಯಿನ್’ ಕೊರತೆ, ಅಂದರೆ ಮೈಯನ್ನು ತಂಪಾಗಿಡುವ ಸತ್ವದ ಕೊರತೆ, ಎನ್ನುತ್ತಾರೆ. ಆದರೆ ಸಂಜೆ ಜ್ವರ, ರಾತ್ರಿ ಬೆವರು ಕ್ಷಯರೋಗದ (ಟಿ.ಬಿ.) ಲಕ್ಷಣಗಳೂ ಹೌದು! ಹೊಟ್ಟೆಗೆ ಸಾಲದ ದೇಹವನ್ನು ಟಿ.ಬಿ. ಬೇಗ ಹಿಡಿಯುತ್ತದೆ. ಆದ್ದರಿಂದ ಊಟವೂ ಬೇಕು, ತಪಾಸಣೆಯೂ ಬೇಕು.

ನಾವೇನು ಮಾಡಬೇಕು?

1. ಎರಡು ವಾರಕ್ಕಿಂತ ಹೆಚ್ಚು ಜ್ವರ ಅಥವಾ ಕೆಮ್ಮು ಇದ್ದರೆ, ತೂಕ ಇಳಿಯುತ್ತಿದ್ದರೆ, ಆಶಾ ಕಾರ್ಯಕರ್ತೆಗೆ ತಿಳಿಸಿ, ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಪರೀಕ್ಷೆ, ಔಷಧಿ ಎರಡೂ ಉಚಿತ.

2. ಟಿ.ಬಿ. ಎಂದಾದರೆ ಹೆದರಬೇಡಿ. ಸಾಮಾನ್ಯವಾಗಿ ಆರು ತಿಂಗಳ ಔಷಧಿ. ಆರಾಮ ಅನಿಸಿದರೂ ನಡುವೆ ಬಿಡಬಾರದು. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಿಂದ ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ (2024ರ ನವೆಂಬರ್‌ವರೆಗೆ 500 ಇತ್ತು).

3. ರಕ್ತವನ್ನೂ ಪರೀಕ್ಷಿಸಿಕೊಳ್ಳಿ. ಹಿಮೋಗ್ಲೋಬಿನ್ 12ಕ್ಕಿಂತ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಇದರಿಂದ ಆಯಾಸ, ಏದುಸಿರು ಬರುತ್ತದೆ. ಆದರೆ ದಿನಾಲು ಬರುವ ಜ್ವರಕ್ಕೆ ಇದೇ ಕಾರಣವೆಂದು ಸುಮ್ಮನಿರಬಾರದು.

4. ರೊಟ್ಟಿಯ ಜೊತೆ ಮಡಕಿಕಾಳು, ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ ಇರಲಿ, ಮೇಲೆ ಲಿಂಬೆರಸ ಹಿಂಡಿಕೊಳ್ಳಿ. ಊಟದ ಜೊತೆಗೇ ಚಹಾ ಬೇಡ, ಅದು ಕಬ್ಬಿಣದ ಅಂಶ ಮೈಗೆ ಹತ್ತಗೊಡುವುದಿಲ್ಲ.

ಸಾಲದ ಕಂತು ಕೇಳುವ ಸಭೆಯಲ್ಲೇ “ಅಕ್ಕಾ, ನಿನ್ನ ಜ್ವರ ಹೋತೇನು?” ಎಂದೂ ಕೇಳೋಣ. ಇಲ್ಲ ಎಂದರೆ, ಮರುದಿನವೇ ಒಬ್ಬರು ಜೊತೆಯಾಗಿ ಅವಳನ್ನು ಆಸ್ಪತ್ರೆಗೆ ಕರೆದೊಯ್ಯೋಣ.