ದಪ್ಪ ಕೇಳಬೇಕಾದದ್ದು ಹಲಗೆಯನ್ನೇ

ಗಾಳಿ ಬೀಸಿದಾಗಲೆಲ್ಲ ಟಕಟಕ ಎನ್ನುವ ಬಾಗಿಲು ನಿಮ್ಮ ಮನೆಯಲ್ಲೂ ಇರಬಹುದು. ಚೌಕಟ್ಟಿನ ಗ್ರೂವಿನಲ್ಲಿ ಕೂತ ಪ್ಯಾನಲ್ ಹಲಗೆ ಅರ್ಧ ಮಿಲಿಮೀಟರ್ ತೆಳುವಾಗಿದ್ದರೆ ಸಾಕು, ಅದು ಒಳಗೇ ಅಲ್ಲಾಡುತ್ತದೆ. ಅಷ್ಟೇ ದಪ್ಪವಾಗಿದ್ದರೆ ಒಳಗೆ ಹೋಗುವುದೇ ಇಲ್ಲ. ಬಡಿದು ಕೂರಿಸಿದರೆ ಮಳೆಗಾಲದಲ್ಲಿ ಹಲಗೆ ಉಬ್ಬಿ ಪಟ್ಟಿಯನ್ನು ಸೀಳುತ್ತದೆ. ಸಾಗರದಲ್ಲಿ ಬಾಗಿಲು, ಕಿಟಕಿ ಮಾಡುವ ನನ್ನಂಥವರಿಗೆ ಮರದ ಜಾತಿಯಷ್ಟೇ ಈ ಅರ್ಧ ಮಿಲಿಮೀಟರೂ ಮುಖ್ಯ.

ಅಪ್ಪನ ಕಾಲದಲ್ಲಿ ಹಲಗೆಯ ಅಂಚಿಗೆ ಗೀರು ಎಳೆದು, ಆ ಗೀರಿನವರೆಗೆ ಹತ್ತರಿ ಹೊಡೆಯುತ್ತಿದ್ದರು. ಈಗ ಆ ಕೆಲಸ ತಿಕ್‌ನೆಸ್ ಪ್ಲೇನರಿನದು. ಕೆಳಗೆ ಏರಿಳಿಯುವ ಕಬ್ಬಿಣದ ಟೇಬಲ್, ಮೇಲೆ ಗಿರ್ರನೆ ತಿರುಗುವ ಬ್ಲೇಡುಗಳು, ಹಿಂದೆ ಮುಂದೆ ಹಲಗೆಯನ್ನು ಒತ್ತಿ ಎಳೆಯುವ ರೋಲರುಗಳು. ಟೇಬಲ್ಲಿಗೂ ಬ್ಲೇಡಿಗೂ ನಡುವಿನ ಸಂದು ಎಷ್ಟೋ ಹಲಗೆಯ ದಪ್ಪ ಅಷ್ಟು. ಹೇಳುವುದಕ್ಕೆ ಇಷ್ಟೇ.

ಆದರೆ ಈ ಮಿಷನ್ ಡೊಂಕು ತೆಗೆಯುವುದಿಲ್ಲ, ಇದನ್ನು ಮೊದಲು ತಿಳಿಯಬೇಕು. ಬಿಲ್ಲಿನಂತೆ ಬಾಗಿದ ಹಲಗೆ ಕೊಟ್ಟರೆ ರೋಲರುಗಳು ಅದನ್ನು ಅದುಮಿ ಚಪ್ಪಟೆ ಮಾಡುತ್ತವೆ, ಬ್ಲೇಡು ಹೆರೆಯುತ್ತದೆ, ಹೊರಬಂದ ಮೇಲೆ ಹಲಗೆ ಮತ್ತೆ ಬಾಗುತ್ತದೆ. ಈಗ ಅದು ಒಂದೇ ದಪ್ಪದ ಡೊಂಕು ಹಲಗೆ. ಹಾಗಾಗಿ ಮೊದಲು ಸರ್ಫೇಸ್ ಪ್ಲೇನರಿನಲ್ಲಿ ಒಂದು ಮುಖ ಮಟ್ಟ ಮಾಡಿ, ಆ ಮುಖ ಕೆಳಗೆ ಬರುವಂತೆ ಇಲ್ಲಿಗೆ ತರಬೇಕು.

ಗಿರಾಕಿಗಳು ಹೇಳುವುದು ಇಂಚು, ನೂಲಿನ ಲೆಕ್ಕ. ಎಂಟು ನೂಲಿಗೆ ಒಂದು ಇಂಚು. ಹತ್ತು ನೂಲಿನ ಬಾಗಿಲು ಎಂದರೆ ಒಂದೂಕಾಲು ಇಂಚು, 31.75 ಮಿ.ಮೀ. ಮಿಷನ್ನಿನ ಪಕ್ಕದ ಸ್ಕೇಲಿನಲ್ಲಿ ಮುಳ್ಳನ್ನು ಅಲ್ಲಿಗೆ ತಂದು ನಿಲ್ಲಿಸಿ, ಆಯಿತು ಎಂದುಕೊಳ್ಳುವವರೇ ಹೆಚ್ಚು. ಆ ಸ್ಕೇಲನ್ನು ನಾನು ದಾರಿ ತೋರಿಸುವುದಕ್ಕೆ ಮಾತ್ರ ಬಳಸುತ್ತೇನೆ. ಬ್ಲೇಡು ಸಾಣೆ ಹಿಡಿಸಿ ಮತ್ತೆ ಕೂರಿಸುವಾಗ ಅದರ ಎತ್ತರ ಕೂದಲೆಳೆಯಷ್ಟು ಬದಲಾದರೂ ಸ್ಕೇಲಿಗೆ ಅದು ತಿಳಿಯುವುದಿಲ್ಲ. ಪ್ರತಿ ಸಲ ಬ್ಲೇಡು ಬದಲಿಸಿದಾಗ ಒಂದು ತುಂಡು ಹಾಯಿಸಿ, ಅಳೆದು, ಮುಳ್ಳಿನ ಸ್ಕ್ರೂ ಸಡಿಲಿಸಿ ನಿಜವಾದ ಅಂಕಿಗೆ ತಂದಿಡಬೇಕು. ಆ ತುಂಡು ರೋಲರುಗಳ ನಡುವಿನ ಅಂತರಕ್ಕಿಂತ ಸಾಕಷ್ಟು ಉದ್ದವಿರಲಿ. ಗಿಡ್ಡ ತುಂಡು ನಡುವೆ ಸಿಕ್ಕಿಕೊಂಡು ಬ್ಲೇಡಿನಿಂದ ಚಿಮ್ಮಿ ಬಂದರೆ ಎದುರಿಗಿದ್ದವರ ಗತಿ ಹೇಳಬೇಕಾಗಿಲ್ಲ.

ಅಳೆಯುವುದಕ್ಕೆ ಟೇಪು ಸಾಲದು, ವರ್ನಿಯರ್ ಕ್ಯಾಲಿಪರ್ ಬೇಕು. ಪಿಯರ್ ವರ್ನಿಯರ್ ಎಂಬ ಫ್ರೆಂಚ್ ಗಣಿತಜ್ಞ 1631ರಲ್ಲಿ ವಿವರಿಸಿದ ಉಪಾಯವೇ ಇಂದಿಗೂ ನಮ್ಮ ಕೈಯಲ್ಲಿದೆ. ಮುಖ್ಯ ಪಟ್ಟಿಯ 49 ಮಿ.ಮೀ. ಉದ್ದವನ್ನು ಜಾರುಪಟ್ಟಿಯಲ್ಲಿ 50 ಭಾಗ ಮಾಡಿದ್ದಾರೆ. ಎರಡು ಗೆರೆಗಳು ಎಲ್ಲಿ ಕೂಡುತ್ತವೆ ಎಂದು ನೋಡಿದರೆ 0.02 ಮಿ.ಮೀ. ವರೆಗೆ ಓದಬಹುದು. ಆದರೆ ಹಿಡಿತ ಹಗುರವಾಗಿರಬೇಕು. ಮರ ಕಬ್ಬಿಣವಲ್ಲ, ಬಿಗಿ ಒತ್ತಿದರೆ ದವಡೆ ಮರದೊಳಗೆ ಇಳಿದು ದಪ್ಪ ಕಡಿಮೆ ತೋರಿಸುತ್ತದೆ.

ಎಲ್ಲಿ ಅಳೆಯುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಹಲಗೆ ಒಳಹೋಗುವಾಗಲೂ ಹೊರಬರುವಾಗಲೂ ಸ್ವಲ್ಪ ಹೊತ್ತು ಒಂದೇ ರೋಲರಿನ ಹಿಡಿತದಲ್ಲಿರುತ್ತದೆ. ಆಗ ತುದಿ ಮೇಲೆದ್ದು ಬ್ಲೇಡಿಗೆ ಹೆಚ್ಚು ಸಿಗುತ್ತದೆ. ಅಲ್ಲಿ ಅಳೆದರೆ ತಪ್ಪು ಲೆಕ್ಕ. ನಾವು ಎರಡೂ ಕಡೆ ಮೂರು ನಾಲ್ಕು ಇಂಚು ಉದ್ದ ಬಿಟ್ಟು ಆಮೇಲೆ ಕತ್ತರಿಸುತ್ತೇವೆ. ಒಂದೇ ಮರದ ಎರಡು ರೀಪುಗಳನ್ನು, ಟೇಬಲ್ ಏರಿಳಿಸುವ ಚಕ್ರ ಮುಟ್ಟದೆ, ಒಂದನ್ನು ಎಡ ಅಂಚಿನಲ್ಲಿ, ಇನ್ನೊಂದನ್ನು ಬಲ ಅಂಚಿನಲ್ಲಿ ಹಾಯಿಸಿ ಅಳೆದು ನೋಡಿ. ದಪ್ಪ ಬೇರೆ ಬಂದರೆ ಟೇಬಲ್ಲೋ ಬ್ಲೇಡೋ ಓರೆಯಾಗಿದೆ ಎಂದೇ ಅರ್ಥ. ಖರ್ಚಿಲ್ಲದ ಇಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಚಕ್ರ ತಿರುಗಿಸುವುದರಲ್ಲೂ ಒಂದು ಕ್ರಮವಿದೆ. ನಮ್ಮ ಮಿಷನ್ನಿನಲ್ಲಿ ಒಂದು ಸುತ್ತಿಗೆ ಟೇಬಲ್ 2 ಮಿ.ಮೀ. ಏರುತ್ತದೆ. ಕಾಲು ಸುತ್ತಿಗೆ ಅರ್ಧ ಮಿ.ಮೀ. ಇಳಿಸುವಾಗ ಮಾತ್ರ ಈ ಲೆಕ್ಕ ನಂಬುವಂತಿಲ್ಲ. ಸ್ಕ್ರೂ ಮತ್ತು ನಟ್ಟಿನ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ, ಟೇಬಲ್ ಜಾರುವ ಕಡೆ ಹೊಟ್ಟು, ಅಂಟು ಕೂತಿರುತ್ತದೆ. ಚಕ್ರ ಇಳಿದರೂ ಟೇಬಲ್ ಅಲ್ಲೇ ಕಚ್ಚಿಕೊಂಡಿದ್ದು, ಮಿಷನ್ ಅದುರಿದಾಗ ಕೆಳಗೆ ಕೂರಬಹುದು. ಅದಕ್ಕೇ ಬೇಕಾದ ಅಳತೆಗಿಂತ ಕೆಳಗೆ ಇಳಿಸಿ, ಅಲ್ಲಿಂದ ಮೇಲೇರಿಸುತ್ತಾ ಬಂದು ನಿಲ್ಲಿಸಿ, ಲಾಕ್ ಬಿಗಿ ಮಾಡಬೇಕು. ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ.

ಅಂಕಿಗಿಂತ ಸಮಾನತೆ ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲ ಪ್ಯಾನಲುಗಳೂ 11.8 ಆದರೆ ತೊಂದರೆಯಿಲ್ಲ, ಗ್ರೂವನ್ನೇ ಅದಕ್ಕೆ ಹೊಂದಿಸಬಹುದು. ಒಂದು 11.8, ಇನ್ನೊಂದು 12.2 ಆದರೆ ಯಾವ ಗ್ರೂವೂ ಕೂಡುವುದಿಲ್ಲ. ಪಟ್ಟಿಗಳನ್ನು ನಿಲ್ಲಿಸಿ ಅಂಟಿಸುವ ಮೇಜಿನ ಹಾಸಿನಲ್ಲಂತೂ ಪಟ್ಟಿಗೆ 0.1 ಹೆಚ್ಚಾದರೆ ಇಪ್ಪತ್ತು ಪಟ್ಟಿಗೆ 2 ಮಿ.ಮೀ. ಬೆಳೆಯುತ್ತದೆ. ಹಾಗಾಗಿ ಒಂದು ಕೆಲಸದ ಅಷ್ಟೂ ಹಲಗೆಗಳನ್ನು, ಹೆಚ್ಚುವರಿ ಒಂದೆರಡನ್ನೂ ಸೇರಿಸಿ, ಕೊನೆಯ ಸುತ್ತಿನಲ್ಲಿ ಚಕ್ರ ಮುಟ್ಟದೆ ಒಟ್ಟಿಗೇ ಹಾಯಿಸಬೇಕು. ಮಧ್ಯೆ ಊಟಕ್ಕೆ ಹೋದರೂ ಚಕ್ರ ಅಲ್ಲೇ ಇರಬೇಕು.

ವರ್ಷಗಳ ನಂತರ ಅದೇ ಮನೆಯವರು ಅದೇ ಅಳತೆಯ ಕಿಟಕಿ ಕೇಳುತ್ತಾರೆ. ಹಳೆಯ ಹಲಗೆಯ ತುಂಡನ್ನು ಮಾದರಿಯಾಗಿ ಎತ್ತಿಟ್ಟವರಿದ್ದಾರೆ. ನಮ್ಮ ಕಡೆಯ ಜುಲೈ ತಿಂಗಳಲ್ಲಿ ಹಲಸಿನ ತುಂಡು ನೀರುಂಡು ದಪ್ಪವಾಗುತ್ತದೆ, ಏಪ್ರಿಲ್‌ನಲ್ಲಿ ಸೊರಗುತ್ತದೆ. ನಾನು ಲೇತ್ ಅಂಗಡಿಯಲ್ಲಿ ಅಲ್ಯುಮಿನಿಯಂ ತುಂಡುಗಳನ್ನು ಆಯಾ ದಪ್ಪಕ್ಕೆ ಮಾಡಿಸಿ, ಮೇಲೆ ಅಂಕಿ ಕೊರೆಸಿ ಇಟ್ಟಿದ್ದೇನೆ. ಹಾಯಿಸಿದ ಹಲಗೆಯನ್ನು ಅದರ ಪಕ್ಕ ಮಟ್ಟದ ಮೇಜಿನ ಮೇಲಿಟ್ಟು, ಎರಡರ ಮೇಲೂ ಬೆರಳು ಸವರಿದರೆ ಸಾಕು, ಕಣ್ಣಿಗೆ ಕಾಣದ ವ್ಯತ್ಯಾಸವೂ ತಿಳಿಯುತ್ತದೆ.