ಮುರುಗಲು ಹಣ್ಣು ಒಣಗಿಸುವಿಕೆ

ಮುರುಗಲು ಹಣ್ಣು ಒಣಗಿಸುವಿಕೆಯು ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಬೇಸಗೆಯ ಕೊನೆಯಲ್ಲಿ ನಡೆಯುವ ಆಹಾರ ಸಂರಕ್ಷಣಾ ಕ್ರಮವಾಗಿದೆ. ಮುರುಗಲು ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಮರ; ಸಸ್ಯಶಾಸ್ತ್ರೀಯ ಹೆಸರು ಗಾರ್ಸಿನಿಯಾ ಇಂಡಿಕಾ. ಇದನ್ನು ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ ಎಂದೂ ಮರಾಠಿಯಲ್ಲಿ ಕೋಕಂ ಎಂದೂ ಕರೆಯುತ್ತಾರೆ. ಶೀತವಲಯದ ಚೆರ್ರಿಯಲ್ಲಿ ಬೀಜ ತೆಗೆದು ತಿರುಳನ್ನು ಒಣಗಿಸಿದರೆ, ಮುರುಗಲಿನಲ್ಲಿ ತಿರುಳನ್ನು ಬೇರ್ಪಡಿಸಿ ಸಿಪ್ಪೆಯನ್ನು ಒಣಗಿಸುತ್ತಾರೆ.

ಕಾಲ ಮತ್ತು ಪ್ರದೇಶ

ಶಿವಮೊಗ್ಗ ಜಿಲ್ಲೆಯಲ್ಲಿ ಈ ಮರ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಾಡು ಮತ್ತು ತೋಟದಂಚುಗಳಲ್ಲಿ ಕಂಡುಬರುತ್ತದೆ. ಹಣ್ಣು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್ ಮೊದಲ ಭಾಗದವರೆಗೆ ಮಾಗುತ್ತದೆ. ಮುಂಗಾರು ಜೂನ್ ಆರಂಭದಲ್ಲೇ ಕಾಲಿಡುವುದರಿಂದ ಒಣಗಿಸಲು ದೊರೆಯುವ ಬಿಸಿಲು ಕೆಲವೇ ವಾರಗಳದು. ತಡವಾಗಿ ಮಾಗಿದ ಹಣ್ಣು ಬಹುಪಾಲು ಮರದಡಿಯಲ್ಲೇ ಕೊಳೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಮಲೆನಾಡಿನ ಪೂರ್ವದ ಅಂಚಿನಲ್ಲಿರುವ ಶಿವಮೊಗ್ಗ ನಗರ ಮತ್ತು ಭದ್ರಾವತಿಗಳಲ್ಲಿ ಮಳೆ ಇದಕ್ಕಿಂತ ಬಹಳ ಕಡಿಮೆ. ಘಟ್ಟದ ಕಡೆಯ ಬಂಧುಗಳಿಂದ ಬಂದ ಹಣ್ಣನ್ನು ಇಲ್ಲಿನ ತಾರಸಿಗಳ ಮೇಲೆ ಒಣಗಿಸುವುದು ಈ ಕಾರಣದಿಂದ ಸುಲಭ.

ವಿಧಾನ

ಕಡುಕೆಂಪಾಗಿ ಮಾಗಿದ ಹಣ್ಣನ್ನು ಮಾತ್ರ ಆರಿಸಬೇಕು. ತೊಳೆದು, ನೀರಾರಿಸಿ, ಎರಡಾಗಿ ಸೀಳಿ, ಬೀಜಸಹಿತ ತಿರುಳನ್ನು ಬೇರೆ ಪಾತ್ರೆಗೆ ತೆಗೆಯುತ್ತಾರೆ. ಸಿಪ್ಪೆಯನ್ನು ಚಾಪೆ ಅಥವಾ ಶುಭ್ರ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಬೇಕು. ಮರುದಿನ ತಿರುಳಿನ ರಸಕ್ಕೆ ಉಪ್ಪು ಬೆರೆಸಿ, ಬಾಡಿದ ಸಿಪ್ಪೆಯನ್ನು ಅದರಲ್ಲಿ ಅದ್ದಿ ಮತ್ತೆ ಒಣಗಿಸುತ್ತಾರೆ. ಮೂರು ನಾಲ್ಕು ಬಾರಿ ಹೀಗೆ ಮಾಡಿದರೆ ಸಿಪ್ಪೆ ಕಪ್ಪಾಗಿ, ಮೆತ್ತಗಿದ್ದರೂ ಕೈಗೆ ಅಂಟದ ಹದಕ್ಕೆ ಬರುತ್ತದೆ. ಶರಬತ್ತಿಗೆ ಬಳಸುವವರು ಉಪ್ಪು ಹಾಕದೆಯೇ ಒಣಗಿಸುವುದುಂಟು. ಒಳ್ಳೆಯ ಬಿಸಿಲಿದ್ದರೆ ಸುಮಾರು ಒಂದು ವಾರ ಸಾಕು. ಸಂಜೆಯಾದೊಡನೆ ಒಳಗೆ ತರಬೇಕು. ಒಂದು ರಾತ್ರಿಯ ತೇವವೂ ಬೂಸ್ಟು ಹಿಡಿಯಲು ಸಾಕಾಗುತ್ತದೆ. ಬೂಸ್ಟು ಹಿಡಿದುದನ್ನು ಒರೆಸಿ ಬಳಸುವ ಅಭ್ಯಾಸ ಸರಿಯಲ್ಲ, ಅದನ್ನು ಎಸೆಯಬೇಕು.

ಸಿಪ್ಪೆಯ ಹುಳಿಗೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೂ ಬಣ್ಣಕ್ಕೆ ಆಂಥೋಸಯಾನಿನ್‌ಗಳೂ ಕಾರಣ. ಆಮ್ಲವು ಅಲ್ಯೂಮಿನಿಯಂ, ತಾಮ್ರಗಳೊಡನೆ ವರ್ತಿಸುವುದರಿಂದ ಗಾಜು ಅಥವಾ ಪಿಂಗಾಣಿಯ ಭರಣಿಯೇ ಯೋಗ್ಯ. ಅತಿಯಾದ ಶಾಖದಲ್ಲಿ ಬಣ್ಣ ಕೆಡುತ್ತದೆ. ಆದುದರಿಂದ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಸಿಪ್ಪೆ ಸಾರಿಗೆ ಒದಗಿದರೂ ಪಾನಕಕ್ಕೆ ಒದಗದು.

ಉಳಿದ ಬೀಜವನ್ನು ತೊಳೆದು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದಾಗ ಮೇಲೆ ತೇಲುವ ಕೊಬ್ಬೇ ಮುರುಗಲು ತುಪ್ಪ. ಒಡೆದ ಹಿಮ್ಮಡಿಗೆ ಇದನ್ನು ಹಚ್ಚುತ್ತಾರೆ.

ಉಪ್ಪಾಗೆ

ಇದೇ ಕುಲದ ಉಪ್ಪಾಗೆಯನ್ನು ಮುರುಗಲೆಂದು ತಿಳಿಯಬಾರದು. ಅದರ ಹಣ್ಣು ಹಳದಿ, ಮೈಮೇಲೆ ಏಣುಗಳಿರುತ್ತವೆ. ಅದು ಮಳೆಗಾಲದಲ್ಲಿ ಮಾಗುವುದರಿಂದ ಬೆಂಕಿಯ ಮೇಲೆಯೇ ಒಣಗಬೇಕು. 1990ರ ದಶಕದಲ್ಲಿ ತೂಕ ಇಳಿಸುವ ಉತ್ಪನ್ನಗಳಿಗಾಗಿ ಉಪ್ಪಾಗೆಗೆ ಹೊರದೇಶಗಳಿಂದ ಬೇಡಿಕೆ ಏರಿದಾಗ, ಕಾಯಿಯನ್ನೇ ಕೊಯ್ಯುವುದು, ಕೊಂಬೆ ಕಡಿಯುವುದು, ಒಣಗಿಸಲು ಕಾಡಿನ ಸೌದೆಯನ್ನು ಅಪಾರವಾಗಿ ಉರಿಸುವುದು ನಡೆಯಿತು. ಕಡಿಮೆ ಸೌದೆ ಬೇಡುವ ಒಣಗಿಸುವ ಒಲೆಗಳನ್ನು ಬಳಕೆಗೆ ತರುವ ಪ್ರಯತ್ನಗಳು ಅದರ ನಂತರ ಆರಂಭವಾದವು.